ಬ್ಯಾಡಗಿಯಿಂದ ಬಾರದ ಉತ್ತರ

ಬೆಳಗಿನಿಂದ ಹುಲಿಗೇಶ ಬ್ಯಾಡಗಿಯನ್ನು ಕೂಗುತ್ತಿದ್ದ, ಬ್ಯಾಡಗಿ ಓಗೊಡುತ್ತಿರಲಿಲ್ಲ. ಕೂಗುವುದೆಂದರೆ ಬಾಯಿಂದೇನಲ್ಲ, ಹಾವೇರಿಯ ಆಫೀಸಿನಲ್ಲಿ ಕೂತು, ಕಪ್ಪು ಪರದೆಯ ಮೇಲೆ ಬ್ಯಾಡಗಿಯ ಕೋಲ್ಡ್ ಸ್ಟೋರೇಜಿನ ಕಂಪ್ಯೂಟರಿನ ವಿಳಾಸ ಬರೆದು ಪಿಂಗ್ ಕೊಡುವುದು. ‘ಇದ್ದೀಯಾ?’ ಎಂದು ಇಲ್ಲಿಂದ ಒಂದು ತುಣುಕು ಹೋಗುತ್ತದೆ, ‘ಇದ್ದೇನೆ’ ಎಂದು ಅಲ್ಲಿಂದ ಒಂದು ತುಣುಕು ಬರಬೇಕು. ಬರಲಿಲ್ಲ. ಕಾಯುವ ಹೊತ್ತು ಮುಗಿಯಿತು ಎಂಬ ಅದೇ ಸಾಲು ಪರದೆಯ ತುಂಬ ಇಳಿಯುತ್ತ ಹೋಯಿತು. ಅದನ್ನೇ ನೋಡುತ್ತ ಕೂತವನಿಗೆ ಮುಂಜಾನೆ ಹೆಂಡತಿ ಅಂಜಲಿ ರೊಟ್ಟಿ ಬಡಿಯುತ್ತ, ತಲೆ ಎತ್ತದೆಯೇ ಕೇಳಿದ್ದು ನೆನಪಾಯಿತು: “ಭಾವಾರು ಫೋನ್ ಹಚ್ಚಿದ್ರೇನ್ರಿ?” ದಿನಾ ಅವಳದು ಇದೇ ಪ್ರಶ್ನೆ, ದಿನಾ ಇವನದು ಇಲ್ಲ ಎಂಬ ಉತ್ತರ. ಇವತ್ತು ಮಾತ್ರ ಅವಳು ಅಷ್ಟಕ್ಕೇ ಬಿಡಲಿಲ್ಲ. “ನಾಳೆ ಹುಡುಗೀದು ನಿಶ್ಚಯ ಐತಿ. ಕರೀದ ಹೋದ್ರ ಮಂದಿ ನಗತಾರ, ಹೋಗದಿದ್ರೂ ನಗತಾರ. ನಿಮ್ಮಿಬ್ಬರ ಮಾನದಾಗ ಸುಶ್ಮಿತಾ ಏನ್ ಮಾಡ್ಯಾಳ್ರಿ? ನಿಮ್ಮ ಹೆಗಲ ಮ್ಯಾಲ ಬೆಳದ ಕೂಸು ಅದು.” ಅವನು ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದಿದ್ದ. ಬಾಗಿಲಾಚೆ ಬಂದ ಮೇಲೆ, ಊಟದ ಡಬ್ಬಿ ಮರೆತದ್ದು ಗೊತ್ತಾದರೂ ಒಳಗೆ ಹೋಗಲಿಲ್ಲ.

ಹುಡುಗಿ ಎಂದರೆ ಅಣ್ಣ ಯಲ್ಲೇಶನ ಮಗಳು. ಅಣ್ಣ ಬ್ಯಾಡಗಿ ಮಾರ್ಕೆಟ್ಟಿನ ದಲಾಲಿ ಅಂಗಡಿಯೊಂದರಲ್ಲಿ ಮುನೀಮ. ಮೆಣಸಿನಕಾಯಿ ಮುರಿದು, ಮೂಸಿ, ಬೆಳಕಿಗೆ ಹಿಡಿದು ಅದರ ಜಾತಕ ಹೇಳುವ ಮನುಷ್ಯ. ಅಣ್ಣ ತಮ್ಮ ಮಾತು ಬಿಟ್ಟು ವರ್ಷಗಳಾಗಿದ್ದವು. ಮಾತು ಬಿಟ್ಟಿದ್ದರೇ ಹೊರತು ಸುದ್ದಿ ಬಿಟ್ಟಿರಲಿಲ್ಲ, ಯಾಕೆಂದರೆ ನಡುವೆ ಅವ್ವ ಗುತ್ತೆವ್ವ ಇದ್ದಳು. ಹುಲಿಗೇಶನ ಮನೆಯ ಪಡಸಾಲೆಯಲ್ಲಿ ಬಟನ್ ಫೋನು ಹಿಡಿದು ಕೂತಿರುತ್ತಿದ್ದಳು. ದಿನಾ ಸಂಜೆ ಯಲ್ಲೇಶ ಹಚ್ಚುತ್ತಿದ್ದ. ಕಿವಿ ಮಂದವಾದ ಮುದುಕಿಗೆಂದು ಸದ್ದು ಏರಿಸಿಟ್ಟ ಫೋನಿನಿಂದ ಅವನ ದನಿ ಅಡುಗೆಮನೆಯವರೆಗೂ ಕೇಳುತ್ತಿತ್ತು. “ಅವಗ ಜ್ವರ ಬಂದಾವಂತಲ್ಲ, ಗುಳಿಗಿ ತಗೋ ಅಂತ ಹೇಳು.” ಅಲ್ಲೇ ಗೋಡೆಗೊರಗಿ ಕೂತ ಹುಲಿಗೇಶ ಎಲ್ಲ ಕೇಳಿಸಿಕೊಂಡೂ ಪೇಪರಿನಲ್ಲಿ ಮುಖ ಹುದುಗಿಸುತ್ತಿದ್ದ. ಅವ್ವ ಫೋನನ್ನು ಎದೆಗೆ ಒತ್ತಿಕೊಂಡು ಒಂದಕ್ಷರ ಬಿಡದೆ ಒಪ್ಪಿಸುತ್ತಿದ್ದಳು: “ಹುಲಿಗ್ಯಾ, ಗುಳಿಗಿ ತಗೋ ಅನ್ನಾಕತ್ತಾನ ನೋಡು ನಿಮ್ಮಣ್ಣ.” ಆಗ ಇವನು, ಈಗಷ್ಟೇ ಸುದ್ದಿ ತಿಳಿದವನ ಹಾಗೆ, “ತಗೊಂಡಾನಂತ ಹೇಳು” ಎನ್ನುತ್ತಿದ್ದ. ಅದು ಅಲ್ಲಿ ಯಲ್ಲೇಶನಿಗೂ ಕೇಳಿರುತ್ತಿತ್ತು. ಆದರೂ ಅವ್ವನ ಬಾಯಿಂದ ಬರುವತನಕ ತಡೆಯುತ್ತಿದ್ದ. ನಾಟಕವೆಂದು ಮೂವರಿಗೂ ಗೊತ್ತಿತ್ತು, ಮೂವರೂ ಚೆಂದಾಗಿ ನಡೆಸಿಕೊಂಡು ಬಂದಿದ್ದರು. ದೀಪಾವಳಿ ಕಳೆದ ಮೇಲೆ ಅವ್ವ ತೀರಿಕೊಂಡಳು. ಅವತ್ತು ಇಬ್ಬರೂ ಒಂದೇ ಚಟ್ಟಕ್ಕೆ ಹೆಗಲು ಕೊಟ್ಟರು, ಒಬ್ಬರನ್ನೊಬ್ಬರು ಏನಾದರೂ ಕೇಳಬೇಕಾದಾಗ ಮಠದ ಅಯ್ಯನವರ ಕಡೆ ತಿರುಗಿ ಕೇಳಿದರು. ಅಯ್ಯನವರು ಪಾಪ, ಮಂತ್ರ ಹೇಳಬೇಕೋ ಇವರ ಮಾತು ದಾಟಿಸಬೇಕೋ ತಿಳಿಯದೆ ಬೆವರಿದರು. ಅಲ್ಲಿಂದೀಚೆ ಆ ಮನೆಯ ಸುದ್ದಿ ಈ ಮನೆಗೆ ಮಂದಿಯ ಬಾಯಿಂದಲೇ ಬರಬೇಕಾಯಿತು. ಅತ್ತಿಗೆ ಗಂಡನನ್ನು ಮೀರಿ ಫೋನು ಹಚ್ಚುವವಳಲ್ಲ, ತಮ್ಮನ ಹೆಂಡತಿಗೆ ಫೋನು ಹಚ್ಚುವ ರೂಢಿ ಯಲ್ಲೇಶನಿಗಿಲ್ಲ, ಹಿರಿಯರು ಕರೆಯಬೇಕಾದ ಕಾರ್ಯಕ್ಕೆ ಹುಡುಗಿ ತಾನೇ ಕರೆಯುವಂತಿಲ್ಲ.

ಮ್ಯಾನೇಜರು ಬಂದು ಬಾಗಿಲಲ್ಲಿ ನಿಂತು, ಏನೂ ಕೇಳದೆ ಹೋದರು. ಕೇಳಿದ್ದರೆ ವಾಸಿ ಇತ್ತು. ಕಂಪನಿಗೆ ಮೂರು ಕಡೆ ಆಫೀಸು: ಹಾವೇರಿಯಲ್ಲಿ ದೊಡ್ಡದು, ರಾಣೇಬೆನ್ನೂರಿನಲ್ಲಿ ಮಾಲು ಮಾರುವ ಡಿಪೊ, ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಗಳನ್ನು ತಣ್ಣಗೆ ಮಲಗಿಸಿಡುವ ಸ್ಟೋರೇಜು. ಕಂಪ್ಯೂಟರುಗಳು ಮಾತಾಡುವ ಗಟ್ಟಿ ಲೈನು ಮೊದಲು ಸಿಕ್ಕಿದ್ದು ರಾಣೇಬೆನ್ನೂರಿನಲ್ಲಿ, ಹಾಗಾಗಿ ಹಾವೇರಿಗೂ ಬ್ಯಾಡಗಿಗೂ ಏನೇ ವ್ಯವಹಾರವಿದ್ದರೂ ಅದು ರಾಣೇಬೆನ್ನೂರಿನ ಮೂಲಕವೇ ನಡೆಯುತ್ತಿತ್ತು. ಬಸ್ಸಿನವರು ಕೇಳಿದರೆ ನಕ್ಕಾರು. ಮೋಟೆಬೆನ್ನೂರಿನ ಹತ್ತಿರ ಬ್ಯಾಡಗಿಗೆ ತಿರುಗುವುದು ಬಿಟ್ಟು, ರಾಣೇಬೆನ್ನೂರು ಮುಟ್ಟಿ ಹಿಂದಕ್ಕೆ ಬರುವ ಹುಚ್ಚು ಯಾರಿಗಿದೆ? ಈಗ ಡಿಪೊ ಮುಚ್ಚಿ, ಅಲ್ಲಿನ ಲೈನಿನ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ, ಹಾವೇರಿಯಿಂದ ಬ್ಯಾಡಗಿಗೆ ನೇರ ಲೈನು ಬಂದಿತ್ತು. ಹಾವೇರಿಯ ಯಂತ್ರದ ರೂಟಿಂಗ್ ಟೇಬಲ್ಲನ್ನು, ಅಂದರೆ ಯಾವ ಊರಿನ ಮಾಲನ್ನು ಯಾರ ಕೈಗೆ ಕೊಡಬೇಕು ಎಂದು ಅದು ಇಟ್ಟುಕೊಂಡ ಪಟ್ಟಿಯನ್ನು, ನಿನ್ನೆ ಹುಲಿಗೇಶ ತಾನೇ ತಿದ್ದಿದ್ದ. ಈಗ ಮತ್ತೆ ತೆರೆದು, ಬೆರಳಿಟ್ಟು ಓದಿದ. ಬ್ಯಾಡಗಿ ಎಂದರೆ ಹೊಸ ಲೈನಿನ ಕೈಗೆ. ಎಲ್ಲ ಸರಿ ಇತ್ತು. ನಾನು ಮಾಡಬೇಕಾದ್ದು ಮಾಡಿದ್ದೇನೆ, ಅಲ್ಲಿಯವರಿಗೇ ಏನೋ ಆಗಿದೆ ಎಂದುಕೊಂಡ. ಅಂದುಕೊಂಡ ಮೇಲೆ ಇದೇ ಮಾತನ್ನು ಮುಂಜಾನೆ ಅಣ್ಣನ ಬಗ್ಗೆಯೂ ಮನಸ್ಸಿನಲ್ಲಿ ಅಂದುಕೊಂಡಿದ್ದೆನಲ್ಲ ಎಂದು ಹೊಳೆದು, ಎದ್ದು ಬಸ್‌ಸ್ಟ್ಯಾಂಡಿಗೆ ನಡೆದ. ಪಿಂಗ್ ಮಾತ್ರ ಹಾಗೆಯೇ ಓಡುತ್ತಿರಲಿ ಎಂದು ಬಿಟ್ಟು ಬಂದ.

ಬಸ್ಸಿನಲ್ಲಿ ಕಿಟಕಿ ಸಿಕ್ಕಿತು. ಬ್ಯಾಡಗಿ ಹತ್ತಿರ ಬರುತ್ತಿದ್ದಂತೆ ಗಾಳಿಗೆ ಘಾಟು ಏರಿ, ಪರಊರಿನವರು ಒಬ್ಬೊಬ್ಬರಾಗಿ ಸೀನತೊಡಗಿದರು. ಹುಲಿಗೇಶ ಹುಟ್ಟಿದ್ದೇ ಈ ಘಾಟಿನಲ್ಲಿ, ಆದರೂ ಅವನಿಗೂ ಸೀನು ಬಂತು. ಊರು ನನ್ನನ್ನು ಹೊರಗಿನವನೆಂದು ತೀರ್ಮಾನಿಸಿಬಿಟ್ಟಿದೆ ಎನ್ನಿಸಿ ಮೂಗೊರೆಸಿಕೊಂಡು ಆಚೀಚೆ ನೋಡಿದ, ಗುರುತಿನವರು ಯಾರೂ ಇರಲಿಲ್ಲ. ಮಾರ್ಕೆಟ್ಟಿನ ದಾರಿ ಬಿಟ್ಟು ಸುತ್ತುಹಾಕಿ ಸ್ಟೋರೇಜಿಗೆ ಹೋದ. ಸುಗ್ಗಿಯ ದಿನ, ರಸ್ತೆಯ ಎರಡೂ ಕಡೆ ಚೀಲ ಹೊತ್ತ ಗಾಡಿಗಳು. ಅಣ್ಣ ಎಲ್ಲಿಯಾದರೂ ಎದುರಾದರೆ ಏನು ಮಾಡುವುದು? ತಲೆ ತಗ್ಗಿಸಿದರೆ ಸೊಕ್ಕು ಎನ್ನುತ್ತಾನೆ, ನಕ್ಕರೆ ನಿಶ್ಚಯಕ್ಕೆ ಕರೆಯಲಿ ಎಂದು ಹಲ್ಲು ಗಿಂಜುತ್ತಾನೆ ಎನ್ನುತ್ತಾನೆ. ನಲವತ್ತು ದಾಟಿದ ಗಂಡಸು ಸ್ವಂತ ಅಣ್ಣನಿಗೆ ಯಾವ ಮುಖ ತೋರಿಸಬೇಕೆಂದು ಹಾದಿಯುದ್ದಕ್ಕೂ ಲೆಕ್ಕ ಹಾಕುತ್ತ ಹೋಗುವುದು ನಾಚಿಕೆಗೇಡು ಎಂದು ಅವನಿಗೇ ಅನ್ನಿಸಿತು.

ಸ್ಟೋರೇಜಿನ ಕಂಪ್ಯೂಟರು ನೋಡಿಕೊಳ್ಳುವ ನಜ್ಮಾ ಸ್ವೆಟರಿನ ಮೇಲೆ ಶಾಲು ಹೊದ್ದು ಕೂತಿದ್ದಳು. ಹೊರಗೆ ಬಿಸಿಲು ಸುಡುತ್ತಿದ್ದರೂ ಅವಳ ಕೋಣೆಗೆ ಒಳಗಿನ ತಂಪು ಹಣಿಕಿ ಹಾಕುತ್ತಿತ್ತು.

“ಬರ್ರಿ ಅಣ್ಣಾರ, ಕುಂದ್ರಿ. ನಾ ಏನೂ ಮಾಡಿಲ್ರಿ, ಮೊದಲs ಹೇಳಿಬಿಡ್ತೇನಿ. ಸಾಕಾಗೂ ಮಟ ಆರಿಸಿ ಆರಿಸಿ ಹಚ್ಚೇನಿ. ಇಂಟರ್ನೆಟ್ ಬರತೈತಿ, ಫೋಟೋ ಬರತಾವ, ಎಲ್ಲಾ ಬರತೈತಿ. ನಿಮ್ಮ ಹಾವೇರಿ ಒಂದs ನಮ್ಮ ಮ್ಯಾಲ ಸಿಟ್ಟಾಗೇತಿ.”

“ಹಾವೇರಿಗೆ ಯಾಕ ಸಿಟ್ಟವಾ? ನಿಮ್ಮ ಕಡೀಂದನs ಉತ್ತರ ಬರವಲ್ದು.”

“ಅಗದಿ ಹಿಂಗs ಅಂದ್ರು ನೋಡ್ರಿ ನಿಮ್ಮಣ್ಣಾರು!” ನಜ್ಮಾ ನಕ್ಕಳು. “ನಿನ್ನೆ ನಮ್ಮನ್ನ ನಿಶ್ಚಯಕ್ಕ ಕರಿಯಾಕ ಬಂದಿದ್ರು. ಹುಲಿಗೇಶಣ್ಣಾರು ಬರತಾರಲ್ರಿ ಅಂದೆ. ‘ಅವಗ ಹಗಲೆಲ್ಲಾ ಫೋನ್ ಹಚ್ಚಾಕತ್ತೇನವಾ, ಅತ್ತಾಗಿಂದ ಉತ್ತರನs ಇಲ್ಲ. ಮುದ್ದಾಂ, ಬೇಕಂತs ಆಫ್ ಮಾಡಿ ಇಟ್ಟಾನ’ ಅಂದ್ರು. ಕಣ್ಣಾಗ ನೀರು ತಂದ್ರು ಪಾಪ. ಯಾಕ ಹಂಗ ಮಾಡ್ತೀರಿ ಅಣ್ಣಾರ? ಇರೋದು ಇಬ್ಬರು.”

ಹುಲಿಗೇಶನ ಕಿವಿ ಬಿಸಿಯಾಯಿತು. ಜೇಬಿನಿಂದ ಫೋನು ತೆಗೆದ. ಇಡೀ ತಿಂಗಳಲ್ಲಿ ಅಣ್ಣನದೊಂದು ಕರೆ ಇಲ್ಲ. ಆಫೀಸಿನ ಕೆಲಸವೇ ಇಂಥದು, ಅವನ ಫೋನು ಆರಿದ್ದೇ ಇಲ್ಲ. ಎಂಥ ಸುಳ್ಳ! ಕರೆಯುವ ಮನಸ್ಸಿಲ್ಲ, ಊರ ಮುಂದೆ ತಾನು ಒಳ್ಳೆಯವನಾಗಬೇಕು, ಅದಕ್ಕೆ ಪರರ ಆಫೀಸಿಗೆ ಬಂದು ಕಣ್ಣೀರು ಬೇರೆ. ಫೋನನ್ನು ನಜ್ಮಾಳ ಮುಖಕ್ಕೆ ಹಿಡಿದು ‘ನೋಡು, ಎಲ್ಲಿ ಹಚ್ಚ್ಯಾನ ತೋರಿಸು’ ಎಂದು ಕೇಳಬೇಕೆನ್ನಿಸಿತು. “ಎಲ್ಲಿದಾನ ಈಗ?” ಎಂದಷ್ಟೇ ಕೇಳಿದ. ಜವಳಿ ತರಲು ಹುಡುಗಿಯನ್ನು ಕರೆದುಕೊಂಡು ರಾಣೇಬೆನ್ನೂರಿಗೆ ಹೋಗಿದ್ದಾರೆ, ಸಂಜೆಗೆ ಬರುತ್ತಾರೆ ಎಂದಳು. ಒಳ್ಳೆಯದಾಯಿತು ಎಂದುಕೊಂಡ. ಒಳ್ಳೆಯದಾಯಿತು ಎಂದುಕೊಂಡದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂದು, ಕುರ್ಚಿ ಎಳೆದು ಕಂಪ್ಯೂಟರಿನ ಮುಂದೆ ಕೂತ.

ಮೊದಲು, ಲೈನಿನ ಮೇಲೆ ಬಂದುಹೋಗುವ ತುಣುಕುಗಳನ್ನು ತೋರಿಸುವ ಪ್ರೋಗ್ರಾಮೊಂದನ್ನು ತೆರೆದ. ಒಂದು ಕ್ಷಣಕ್ಕೆ ಅವನಿಗೆ ನಂಬಿಕೆಯಾಗಲಿಲ್ಲ. ಹಾವೇರಿಯಲ್ಲಿ ಓಡಲು ಬಿಟ್ಟುಬಂದಿದ್ದ ಪಿಂಗ್ ಇಲ್ಲಿಗೆ ಬರುತ್ತಲೇ ಇತ್ತು. ಒಂದಾದ ಮೇಲೊಂದು, ತಪ್ಪದೆ, ಇದ್ದೀಯಾ, ಇದ್ದೀಯಾ, ಇದ್ದೀಯಾ. ಅವನು ಬೆಳಗಿನಿಂದ ಕೂಗಿದ್ದೆಲ್ಲ ಬ್ಯಾಡಗಿಗೆ ಕೇಳಿತ್ತು. ಹಾಗಾದರೆ ಈ ಯಂತ್ರ ಬಾಯಿ ಯಾಕೆ ಬಿಡುತ್ತಿಲ್ಲ? ಪ್ರತಿ ಪ್ರಶ್ನೆಯ ಬೆನ್ನಿಗೆ ಇನ್ನೊಂದು ಸಾಲು ಕಾಣುತ್ತಿತ್ತು. ಈ ಯಂತ್ರ ತನ್ನ ಕೋಣೆಯೊಳಗೇ ಯಾರನ್ನೋ ಕರೆಯುತ್ತಿತ್ತು: ಆ ಪೆಟ್ಟಿಗೆ ಯಾರು? ಇದ್ದರೆ ನನಗೆ ತಿಳಿಸಿ. ಆ ಪೆಟ್ಟಿಗೆ ಯಾರು? ಯಾರೂ ಉತ್ತರಿಸುತ್ತಿರಲಿಲ್ಲ, ಅದು ಮತ್ತೆ ಕೇಳುತ್ತಿತ್ತು. ಹುಲಿಗೇಶ ತಲೆ ಎತ್ತಿ ಗೋಡೆಯ ಮೂಲೆ ನೋಡಿದ. ರಾಣೇಬೆನ್ನೂರಿನ ಲೈನಿನ ಹಳೆಯ ಪೆಟ್ಟಿಗೆ ಇದ್ದ ಜಾಗದಲ್ಲಿ ನಾಲ್ಕು ಮೊಳೆ ತೂತು, ಧೂಳು ಕೂರದ ಬಿಳಿ ಚೌಕ. ತಾನೇ ಬಂದು ಬಿಚ್ಚಿ ತೆಗೆದುಕೊಂಡು ಹೋಗಿದ್ದ.

ರೂಟಿಂಗ್ ಟೇಬಲ್ ತೆರೆದ. ಇದನ್ನು ಅವನು ನೂರಾರು ಸಲ ನೋಡಿದ್ದಾನೆ, ಓದಿದ್ದು ಕಡಿಮೆ. ಮೊದಲ ಕಾಲಮ್ಮಿನಲ್ಲಿ ಹೋಗಬೇಕಾದ ಜಾಗ, ಅದರ ಪಕ್ಕ ಆ ಜಾಗದ ಅಗಲ ಎಷ್ಟು ಎಂಬ ಅಳತೆ, ಆಮೇಲೆ ಗೇಟ್‌ವೇ, ಅಂದರೆ ಯಾರ ಕೈಗೆ ಕೊಡಬೇಕು ಎಂಬುದು. ಎಲ್ಲಕ್ಕಿಂತ ಮೇಲೆ ಬರೀ ಸೊನ್ನೆಗಳ ಸಾಲು: ಎಲ್ಲಿಗೆಂದು ನನಗೆ ಗೊತ್ತಿಲ್ಲದ್ದನ್ನೆಲ್ಲ ಇವನ ಕೈಗೆ ಕೊಡುತ್ತೇನೆ. ಇವನು ಎಂದರೆ ಹೊಸ ಪೆಟ್ಟಿಗೆ. ಅಲ್ಲಿ ತಪ್ಪೇನಿರಲಿಲ್ಲ, ಅದಕ್ಕೇ ನಜ್ಮಾಳ ಫೋಟೋಗಳು ಬರುತ್ತಿದ್ದವು. ಕೆಳಗೆ ಇಳಿದ. ಪಟ್ಟಿಯ ತೀರಾ ತಳದಲ್ಲಿ, ಆರಿಸಿ ಹಚ್ಚಿದರೂ ಅಳಿಯದ ಸಾಲುಗಳ ಜಾಗದಲ್ಲಿ, ಯಾರೋ ಕೈಯಿಂದ ಬರೆದ ಒಂದೇ ಸಾಲು: ಹಾವೇರಿಗೆ ಹೋಗುವುದನ್ನು ರಾಣೇಬೆನ್ನೂರಿನ ಪೆಟ್ಟಿಗೆಗೆ ಕೊಡು. ಯಂತ್ರ ಈ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದುವುದಿಲ್ಲ. ಯಾವ ಸಾಲು ಆ ಜಾಗವನ್ನು ಹೆಚ್ಚು ಗುರುತಿಟ್ಟು ಹೇಳುತ್ತದೋ ಅದೇ ಗೆಲ್ಲುತ್ತದೆ, ಅದು ಎಷ್ಟೇ ತಳದಲ್ಲಿರಲಿ. ಹೊಸ ಪೆಟ್ಟಿಗೆ ಮಗ್ಗುಲಲ್ಲೇ ದೀಪ ಮಿನುಗಿಸುತ್ತ ಕೂತಿದ್ದರೂ, ಹಾವೇರಿಯ ಹೆಸರು ಬಂದಾಗ ಮಾತ್ರ ಈ ಯಂತ್ರ ಹಳೆಯ ಪೆಟ್ಟಿಗೆಯನ್ನೇ ಹುಡುಕುತ್ತಿತ್ತು. ಅದಿಲ್ಲವೆಂದು ಅದಕ್ಕೆ ಯಾರೂ ಹೇಳಿರಲಿಲ್ಲ.

ಆ ಸಾಲು ಬರೆದವನು ಹುಲಿಗೇಶನೇ. ಎಂದು ಬರೆದದ್ದೆಂದೂ ನೆನಪಿದೆ. ಮರೆಯಲು ಎಷ್ಟು ಒದ್ದಾಡಿದರೂ ನೆನಪಿದೆ. ಮಾರ್ಕೆಟ್ಟಿನಲ್ಲಿ ಟೆಂಡರೆಲ್ಲ ಕಂಪ್ಯೂಟರಿಗೆ ಬಂದ ಕಾಲ, ಮುನೀಮರಿಗೆ ಕಲಿಸಲು ಅವನನ್ನು ಇದೇ ಸ್ಟೋರೇಜಿನ ಕೋಣೆಗೆ ಕರೆಸಿದ್ದರು. ಯಲ್ಲೇಶ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಕ್ರಾಪು ತೀಡಿಕೊಂಡು, ಶಾಲೆಗೆ ಬಂದ ಹುಡುಗನ ಹಾಗೆ ಮುಂದಿನ ಸಾಲಿನಲ್ಲಿ ಕೂತಿದ್ದ. ಕಲಿಸುತ್ತಿರುವವನು ನನ್ನ ತಮ್ಮ ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿದ್ದ. ನಡುವೆ ಕೈ ಎತ್ತಿದ. “ಅಲ್ಲೋ ತಮ್ಮಾ, ಹಾವೇರಿ ಎಲ್ಲೈತಿ ಅಂತ ಈ ಡಬ್ಬಿಗೆ ಹೆಂಗ ಗೊತ್ತಾಕ್ಕೈತಿ? ದಾರಿ ಯಾರು ತೋರಸ್ತಾರ ಅದಕ್ಕ?” ಒಳ್ಳೆಯ ಪ್ರಶ್ನೆ. ಹುಲಿಗೇಶನಿಗೆ ಉತ್ತರ ಗೊತ್ತಿರಲಿಲ್ಲ. ಅವತ್ತು ಬೆಳಗ್ಗೆ ಹುಬ್ಬಳ್ಳಿಯ ಯಾರೋ ಫೋನಿನಲ್ಲಿ ಹೇಳಿದ ಹಾಗೆ ಆ ಸಾಲು ಬಡಿದು, ಕೆಲಸವಾಯಿತಲ್ಲ ಎಂದು ಚಹಾ ಕುಡಿದಿದ್ದ. ಎಲ್ಲರೂ ತನ್ನ ಬಾಯಿ ನೋಡುತ್ತಿದ್ದರು. ನಕ್ಕುಬಿಟ್ಟ. “ಅದೆಲ್ಲಾ ನಿನ್ನ ತಲಿಗೆ ಹತ್ತೂದಲ್ಲ ಬಿಡೋ ಯಣ್ಣಾ. ನೀ ಮೆಣಸಿನಕಾಯಿ ಮುರಕೊಂತ ಕುಂದ್ರು.” ಮುನೀಮರೆಲ್ಲ ಹೋ ಎಂದು ನಕ್ಕರು. ಯಲ್ಲೇಶನೂ ನಕ್ಕ. ನಗುತ್ತಲೇ ಕೈ ಇಳಿಸಿ, ಆ ಕೈ ಎಲ್ಲಿಡಬೇಕೆಂದು ತಿಳಿಯದೆ ಅಂಗಿಯ ಗುಂಡಿ ಮುಟ್ಟಿಕೊಂಡ. ಮಾತು ನಿಂತದ್ದು ಅವತ್ತಿನಿಂದ. ಅವ್ವ ಎಷ್ಟು ಕೇಳಿದರೂ ಇಬ್ಬರೂ ಕಾರಣ ಹೇಳಿರಲಿಲ್ಲ.

ಈಗ ಹೇಳಬಲ್ಲ. ಡಬ್ಬಿಗೆ ಹಾವೇರಿ ಎಲ್ಲಿದೆ ಎಂದು ಗೊತ್ತಿಲ್ಲ, ಅಣ್ಣಾ. ಪೂರ್ತಿ ದಾರಿ ಯಾವ ಡಬ್ಬಿಗೂ ಗೊತ್ತಿರುವುದಿಲ್ಲ. ಮುಂದೆ ಯಾರ ಕೈಗೆ ಕೊಡಬೇಕು ಎಂಬುದಷ್ಟೇ ಗೊತ್ತು. ಅವನು ಇನ್ನೊಬ್ಬನಿಗೆ ಕೊಡುತ್ತಾನೆ, ನಂಬಿ ಕೊಡುವುದು ಅಷ್ಟೇ. ಮತ್ತೆ ಇನ್ನೊಂದು, ಅಣ್ಣಾ: ಹೋಗುವ ದಾರಿ ಸರಿಯಿದ್ದರೆ ಸಾಲದು. ಬರುವ ದಾರಿ ಬೇರೆ, ಅದು ಅಲ್ಲಿಯವರ ಪಟ್ಟಿಯಲ್ಲಿರುತ್ತದೆ. ಬೆಳಗಿನಿಂದ ನಾನು ನನ್ನ ಪಟ್ಟಿ ನೋಡಿಕೊಂಡು ನನ್ನದೇನೂ ತಪ್ಪಿಲ್ಲ ಎನ್ನುತ್ತಿದ್ದೆ. ಪರದೆಯಲ್ಲಿ ಯಂತ್ರ ಇನ್ನೂ ಕೇಳುತ್ತಲೇ ಇತ್ತು: ಆ ಪೆಟ್ಟಿಗೆ ಯಾರು? ಇದ್ದರೆ ತಿಳಿಸಿ. ಹುಲಿಗೇಶನ ಕೈ ಮೌಸಿನ ಮೇಲೆ ನಿಂತುಹೋಯಿತು. ಮುದ್ದಾಂ ಆಫ್ ಮಾಡಿ ಇಟ್ಟಾನ. ಅಣ್ಣ ಸುಳ್ಳು ಹೇಳುವವನಲ್ಲ, ಹುಟ್ಟಿದಾಗಿನಿಂದ ಹೇಳಿದವನಲ್ಲ. ಅವನು ಹಚ್ಚಿದ್ದಾನೆ. ತಮ್ಮನ ಮನೆಗೆ ಮಾತು ಮುಟ್ಟಿಸಲು ಅವನಿಗೆ ಗೊತ್ತಿದ್ದ ಒಂದೇ ನಂಬರಿಗೆ ಹಚ್ಚಿದ್ದಾನೆ.

“ಏನಾತ್ರಿ ಅಣ್ಣಾರ, ಮಾರಿ ಹಿಂಗ್ಯಾಕಾತು? ನೀರು ಕೊಡ್ಲೇನು?” ಎಂದಳು ನಜ್ಮಾ.

“ಏನಿಲ್ಲವಾ, ಘಾಟು,” ಎಂದು ಕಣ್ಣೊರೆಸಿಕೊಂಡ. ತಳದ ಸಾಲನ್ನು ಅಳಿಸಿದ. ಅಳಿಸುತ್ತಿದ್ದಂತೆ ಉತ್ತರಗಳು ಹೊಸ ಪೆಟ್ಟಿಗೆಯ ಕಡೆ ಹರಿಯತೊಡಗಿದವು. ಹಾವೇರಿಯಿಂದ ಮ್ಯಾನೇಜರರ ಫೋನು ಬಂತು, ಬಂತು ನೋಡ್ರಿ ಬಂತು ಎಂದು ಅವರು ಕೂಗುತ್ತಿದ್ದರು. ನಜ್ಮಾ ಚಹಾ ತರಿಸುತ್ತೇನೆ ಎಂದಳು, ಅವನು ನಿಲ್ಲಲಿಲ್ಲ.

ಮನೆಗೆ ಬಂದಾಗ ಸಂಜೆಯ ಬಿಸಿಲು ಪಡಸಾಲೆಯ ಅರ್ಧದವರೆಗೆ ಬಿದ್ದಿತ್ತು. ನೇರ ಹೋಗಿ ಅವ್ವನ ಟ್ರಂಕು ತೆಗೆದ. ಇಳಕಲ್ ಸೀರೆಯ ಮಡಿಕೆಯಲ್ಲಿ, ಎಲೆಅಡಿಕೆ ಸಂಚಿಯ ಜೊತೆ ಬಟನ್ ಫೋನು ಇತ್ತು. ಮಣ್ಣು ಮಾಡಿ ಬಂದ ದಿನ ತಾನೇ ಆರಿಸಿ ಇಟ್ಟಿದ್ದ. ಯಾರಾದರೂ ಅವ್ವ ಇದ್ದಾಳೇನು ಎಂದು ಕೇಳಿದರೆ ಇಲ್ಲ ಎನ್ನುವ ಧೈರ್ಯ ಅವನಿಗಿರಲಿಲ್ಲ. ಅವಳಿಗೆ ಪದೇ ಪದೇ ತೊಂದರೆಯಾಗದಿರಲಿ ಎಂದು ವರ್ಷದ ರೀಚಾರ್ಜು ಮಾಡಿಸಿದ್ದು ಇನ್ನೂ ಮುಗಿದಿರಲಿಲ್ಲ. ಚಾರ್ಜಿಗೆ ಹಾಕಿ ಗೋಡೆಗೊರಗಿ, ಅವ್ವ ಕೂಡುತ್ತಿದ್ದ ಜಾಗದಲ್ಲಿ ಕೂತ. ದೀಪ ಬಂತು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಫೋನು ನೆಲದ ಮೇಲೆ ನಡುಗತೊಡಗಿತು. ತಪ್ಪಿಹೋದ ಕರೆಗಳ ಮೆಸೇಜು ಒಂದರ ಹಿಂದೆ ಒಂದು, ಎಲ್ಲವೂ ಒಂದೇ ನಂಬರಿನವು. ನಿನ್ನೆಯದು. ಮೊನ್ನೆಯದು. ಸಂಕ್ರಾಂತಿಯದು. ಅವ್ವ ಸತ್ತ ವಾರದ್ದೂ ಇತ್ತು. ಅಂಜಲಿ ಅಡುಗೆಮನೆಯ ಬಾಗಿಲಿಗೆ ಬಂದಳು. “ಅದ್ಯಾಕ ಹಚ್ಚೀರಿ ಈಗ?” ಎಂದಳು. ಅವ್ವನಿಗೆ ಓದು ಬರುತ್ತಿರಲಿಲ್ಲ. ಎರಡನ್ನು ಒತ್ತಿ ಹಿಡಿದರೆ ದೊಡ್ಡವ, ಮೂರನ್ನು ಒತ್ತಿ ಹಿಡಿದರೆ ಸಣ್ಣವ ಎಂದು ಹುಲಿಗೇಶನೇ ಮಾಡಿಕೊಟ್ಟಿದ್ದ. ಎರಡರ ಮೇಲಿನ ಅಂಕಿ ಸವೆದುಹೋಗಿತ್ತು. ಅದನ್ನು ಒತ್ತಿ ಹಿಡಿದ.

ಎತ್ತಿದರು.

“ಅವ್ವಾ?”

ಅವ್ವನ ನಂಬರು ಕಂಡು ಅಣ್ಣನ ಬಾಯಿಗೆ ಬಂದುಬಿಟ್ಟ ಮಾತು. ಅಂದ ಮೇಲೆ ಯಲ್ಲೇಶನಿಗೂ ಅದು ಕೇಳಿಸಿರಬೇಕು. ಹಿಂದೆ ಎಲ್ಲೋ ಹೆಣ್ಣುಮಕ್ಕಳು ನಗುತ್ತಿದ್ದರು, ಪಾತ್ರೆಗಳ ಸದ್ದಿತ್ತು. ಹುಲಿಗೇಶ ಬಸ್ಸಿನುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳನ್ನೆಲ್ಲ ಬದಿಗಿಟ್ಟ. ಅಣ್ಣ ಫೋನು ಇಟ್ಟುಬಿಡುತ್ತಾನೆ, ಈಗ ಇಟ್ಟುಬಿಡುತ್ತಾನೆ ಎಂದು ಹೆದರಿ, “ಹ್ಞೂಂ” ಎಂದ.

ಆಮೇಲೆ ಆ ದನಿ ಬಂತು, ಅಡುಗೆಮನೆಯವರೆಗೂ ಕೇಳುವಂಥ ಅದೇ ದೊಡ್ಡ ದನಿ. ಆದರೆ ನಡುವೆ ನಡುವೆ ಒಡೆಯುತ್ತಿತ್ತು.

“ಅವಗ ಹೇಳು… ಹುಲಿಗ್ಯಾಗ. ನಾಳೆ ಹುಡುಗೀದು ನಿಶ್ಚಯ ಐತಿ, ಲಗೂನ ಬರಬೇಕಂತ ಹೇಳು. ಅಂಜಲೀನೂ ಕರಕೊಂಡು ಬಾ ಅನ್ನು. ಕಾಕಾ ಬರೂತನಕ ಮಣಿ ಮ್ಯಾಲ ಕುಂದ್ರಂಗಿಲ್ಲಂತ ಹಟ ಹಿಡದು ಕುಂತಾಳ ಇಕಿ.”

“ಹೇಳ್ತೇನಿ,” ಎಂದ ಹುಲಿಗೇಶ.

“ಈಗs ಕೇಳು. ಏನಂತಾನ?”

ಅಂಜಲಿ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ಹುಲಿಗೇಶ ಫೋನನ್ನು, ಅವ್ವ ಮಾಡುತ್ತಿದ್ದ ಹಾಗೆಯೇ, ಒಂದು ಗಳಿಗೆ ಎದೆಗೆ ಒತ್ತಿ ಹಿಡಿದ. ಆಮೇಲೆ ಕಿವಿಗೆ ತಂದ.

“ಬರ್ತಾನಂತ,” ಎಂದ. “ಬರ್ತಾನಂತ, ಅಣ್ಣಾ.”